ಗುಲಾಬಿಯ ಹಾಜರಿ

ಆ ದಿನ ಬೆಳಿಗ್ಗೆ ನಾನು ಮಾಡಿದ ಕೆಲಸಗಳು ಇವು. ಐದಕ್ಕೆ ಎದ್ದು ಬಾವಿಯಿಂದ ಆರು ಕೊಡ ನೀರು ಸೇದಿದೆ. ನಾಲ್ಕು ನನಗೆ, ಎರಡು ಮನೆಯ ಯಜಮಾನಿ ಅಜ್ಜಿಗೆ. ಹಿಂದಿನ ದಿನ ಒಗೆದ ಎರಡು ಸೀರೆ ಇನ್ನೂ ತೇವವಾಗಿದ್ದವು, ಅವನ್ನು ಒಲೆಯ ಮೇಲಿನ ಹಗ್ಗಕ್ಕೆ ಹರವಿದೆ. ಡಬ್ಬಿಯ ತಳದಲ್ಲಿ ಉಳಿದ ಜೋಳದ ಹಿಟ್ಟಿನಲ್ಲಿ ಮೂರು ರೊಟ್ಟಿ ಬಡಿದು, ಒಂದನ್ನು ತಿಂದು, ಎರಡನ್ನು ದಾರಿಗೆ ಕಟ್ಟಿದೆ. ಲಾಟೀನಿನ ಗಾಜು ಒರೆಸಿಟ್ಟೆ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಬಿಗಿದೆ. ಟ್ರಂಕಿಗೆ ಬೀಗ ಹಾಕಿದೆ, ಏನೋ ಮರೆತೆ ಅನ್ನಿಸಿ ತೆಗೆದೆ, ಏನೂ ಮರೆತಿರಲಿಲ್ಲ, ಮತ್ತೆ ಹಾಕಿದೆ. ಒಂಬತ್ತೂವರೆಗೆ ಶಾಲೆಗೆ ಹೊರಟೆ.

ಇಷ್ಟನ್ನು ಬರೆದದ್ದು ಆ ದಿನ ನನ್ನ ತಲೆ ನೆಟ್ಟಗಿತ್ತು ಎಂದು ಓದುವವರಿಗೆ ತಿಳಿಯಲಿ ಅಂತ. ಜ್ವರವಿರಲಿಲ್ಲ, ಉಪವಾಸವಿರಲಿಲ್ಲ, ರಾತ್ರಿ ನಿದ್ದೆಯೂ ಚೆನ್ನಾಗಿಯೇ ಬಂದಿತ್ತು. ಭೂತ, ಕುಲೆ, ಗಾಳಿ ಸೋಕುವುದು ಮುಂತಾದ ಮಾತು ಕೇಳಿದರೆ ನಾನು ನಗುತ್ತಿದ್ದೆ. ಮಂಗಳೂರಿಗೆ ಬಂದ ಹೊಸದರಲ್ಲಿ ಜೊತೆಯ ಟೀಚರುಗಳು ಯಾವ ಮರದ ಕೆಳಗೆ ಮುಸ್ಸಂಜೆ ಹೋಗಬಾರದು ಎಂದು ಹೇಳಿಕೊಟ್ಟರೆ, ಬೇಕೆಂದೇ ಅದೇ ದಾರಿಯಲ್ಲಿ ಹೋಗಿ ಬಂದು ಮರುದಿನ ಅವರಿಗೆ ಹೇಳುತ್ತಿದ್ದೆ. ಈಗಲೂ ಯಾರಾದರೂ ಅಂಥ ಕಥೆ ತೆಗೆದರೆ ನಡುವೆ ನಾಲ್ಕು ಪ್ರಶ್ನೆ ಕೇಳದೆ ಬಿಡುವವಳಲ್ಲ. ನನ್ನ ಕಥೆಗೂ ಆ ನಾಲ್ಕು ಪ್ರಶ್ನೆಗಳನ್ನು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿಲ್ಲ.

ನಾನು ಧಾರವಾಡದವಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಒತ್ತಾಯಕ್ಕೆ ಟ್ರೇನಿಂಗ್ ಮುಗಿಸಿದೆ. ಕೆಲಸ ಸಿಕ್ಕಿದ್ದು ಮಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ. ಆಗ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು, ಮಂಗಳೂರು ಮದರಾಸಿಗೆ. ಭಾಷೆ ಕನ್ನಡವೇ ಆದರೂ ಆ ಊರಿಗೆ ನಾನು ಪರದೇಶದವಳೇ. ಮಕ್ಕಳು ಮನೆಯಲ್ಲಿ ತುಳು ಆಡುತ್ತಿದ್ದರು, ಅಂಗಡಿಯಲ್ಲಿ ಕೊಂಕಣಿ, ನನ್ನ ಹತ್ತಿರ ಮಾತ್ರ ಪುಸ್ತಕ ಓದಿದಂಥ ಕನ್ನಡ. ನಾನು ಮರೆತು ‘ಹೌದ್ರೀ’ ಎಂದುಬಿಟ್ಟರೆ ಇಡೀ ತರಗತಿ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿತ್ತು.

ನನಗೊಬ್ಬಳು ಮಗಳು, ನೀಲಾ. ಅವಳನ್ನು ಅಣ್ಣನ ಮನೆಯಲ್ಲಿ ಬಿಟ್ಟು ಬಂದಿದ್ದೆ. ಆಗ ಅವಳಿಗೆ ಎರಡೂವರೆ ವರ್ಷ. ಮೊದಲ ಬೇಸಿಗೆಯಲ್ಲಿ ಹೋಗಿ ನೋಡಿದ್ದೆ. ಎರಡನೆಯ ಬೇಸಿಗೆಯಲ್ಲಿ ಮಲೇರಿಯಾ ಹಿಡಿದು ರಜೆಯೆಲ್ಲ ಚಾಪೆಯ ಮೇಲೆ ಕಳೆಯಿತು. ಒಂದೂವರೆ ವರ್ಷ ಮಗುವಿನ ಮುಖ ಕಂಡಿರಲಿಲ್ಲ. ದಸರೆಗೆ ಮುಂಚೆ ಅಣ್ಣನ ಕಾಗದ ಬಂತು. ‘ನೀಲಾ ಈಗ ನಿಮ್ಮ ವೈನಿಯನ್ನೇ ಅವ್ವಾ ಅನ್ನುತ್ತಾಳೆ. ನಿನ್ನ ಫೋಟೋ ತೋರಿಸಿದರೆ ಯಾರಂತ ಕೇಳುತ್ತಾಳೆ. ಈ ಸಲ ಬಾ. ಮುಂದಿನ ಸಲ ಅಂದರೆ ಭಾಳ ತಡ ಆಗುತ್ತದೆ’ ಎಂದು ಬರೆದಿದ್ದ. ವೈನಿ ಅಂದರೆ ಅಣ್ಣನ ಹೆಂಡತಿ. ಆ ಕಾಗದವನ್ನು ಎಷ್ಟು ಸಲ ಮಡಿಸಿ ಬಿಚ್ಚಿದೆನೆಂದರೆ ಮಡಿಕೆಯಲ್ಲಿ ಅಕ್ಷರಗಳೇ ಅಳಿಸಿಹೋಗಿದ್ದವು.

ದಸರೆಯ ರಜೆ ಹತ್ತು ದಿನ. ಸ್ಟೀಮರಿನಲ್ಲಿ ಕಾರವಾರದವರೆಗೆ, ಅಲ್ಲಿಂದ ಮೋಟಾರಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ, ಆಮೇಲೆ ಧಾರವಾಡ; ಹೋಗಲು ಮೂರು ದಿನ, ಬರಲು ಮೂರು ದಿನ. ಶಾಲೆ ಮುಚ್ಚುವ ದಿನದ ಸಂಜೆಯ ಸ್ಟೀಮರು ತಪ್ಪಿದರೆ ಮುಂದಿನದು ನಾಲ್ಕು ದಿನ ಬಿಟ್ಟು. ಅಂದರೆ ಹೋಗುವುದೇ ಬೇಡ. ಸ್ಟೀಮರು ಬಂದರಿನೊಳಕ್ಕೆ ಬರುತ್ತಿರಲಿಲ್ಲ, ಅಳಿವೆಯ ಆಚೆ ಕಡಲಿನಲ್ಲಿ ನಿಲ್ಲುತ್ತಿತ್ತು. ಬಂದರಿನಿಂದ ದೋಣಿಯಲ್ಲಿ ಹೋಗಿ, ನದಿ ಕಡಲಿಗೆ ಸೇರುವ ಆ ಕುದಿಯುವ ನೀರನ್ನು ದಾಟಿ, ಓಲಾಡುವ ಏಣಿ ಹಿಡಿಯಬೇಕು. ಕೆರೆ ಬಾವಿಯ ನೀರಷ್ಟೇ ಕಂಡು ಬೆಳೆದ ನಾನು ಹಿಂದಿನ ಸಲಗಳಲ್ಲಿ ದೋಣಿಯ ಹಲಗೆಯನ್ನು ಎರಡೂ ಕೈಯಿಂದ ಹಿಡಿದೇ ಕೂತಿದ್ದೆ. ಅಂಥ ಒಂದು ದೋಣಿ ನಡೆಸುವ ತಂಡೇಲ ಐತಪ್ಪ. ಅವನ ಮಗಳು ಗುಲಾಬಿ ನನ್ನ ನಾಲ್ಕನೆಯ ತರಗತಿಯಲ್ಲಿದ್ದಳು. ‘ಟೀಚರೇ, ನೀವು ಕಣ್ಣು ಮುಚ್ಚಿ ಕೂತುಕೊಳ್ಳಿ, ಸ್ಟೀಮರು ಮುಟ್ಟಿದ ಮೇಲೆ ನಾನು ಹೇಳ್ತೇನೆ’ ಎಂದು ಅವನು ಭರವಸೆ ಕೊಟ್ಟಿದ್ದ. ಟ್ರಂಕನ್ನು ತಾನೇ ಮನೆಯಿಂದ ಎತ್ತಿಕೊಂಡು ಹೋಗುವೆನೆಂದೂ, ನಾಲ್ಕು ಗಂಟೆಗೆ ನಾನು ಬಂದರಿನಲ್ಲಿದ್ದರೆ ಸಾಕೆಂದೂ ಹೇಳಿದ್ದ.

ಇನ್ನು ಆ ಹಾಜರಿಯ ವಿಷಯ. ಹಾಜರಿ ಕರೆಯುವಾಗ ತಲೆ ಎತ್ತದಿರುವುದು ನನ್ನ ಅಭ್ಯಾಸ. ಬಲಗೈಯಲ್ಲಿ ಪೆನ್ನು, ಎಡಗೈಯ ಬೆರಳು ಹೆಸರಿನ ಮೇಲೆ. ಹೆಸರು ಕರೆಯುವುದು, ಉತ್ತರ ಬಂದರೆ ಓರೆಗೆರೆ, ಬರದಿದ್ದರೆ ಸೊನ್ನೆ. ಮೂವತ್ತೆಂಟು ಹೆಸರು, ಎರಡು ನಿಮಿಷ. ಯಾವ ಹುಡುಗಿ ಎಲ್ಲಿ ಕೂತಿದ್ದಾಳೆ ಎಂದು ನೋಡಬೇಕಾಗಿರಲಿಲ್ಲ, ದನಿಗಳೆಲ್ಲ ಕಿವಿಗೆ ಗೊತ್ತಿದ್ದವು. ಎಲ್ಲರೂ ‘ಹಾಜರ್ ಟೀಚರ್’ ಅನ್ನುವಾಗ ಹತ್ತನೆಯವಳಾದ ಗುಲಾಬಿ ಒಬ್ಬಳು ‘ಬಂದೆ ಟೀಚರ್’ ಅನ್ನುತ್ತಿದ್ದಳು, ಬಾವಿಕಟ್ಟೆಯಿಂದ ಅಮ್ಮ ಕರೆದಾಗ ಕೂಗುವ ಹಾಗೆ. ತಿದ್ದಲು ನೋಡಿದೆ. ತಿದ್ದಿಕೊಳ್ಳಲಿಲ್ಲ. ಬಿಟ್ಟುಬಿಟ್ಟೆ.

ಜ್ವರವೆಂದು ಅವಳು ಎರಡು ದಿನದಿಂದ ಬಂದಿರಲಿಲ್ಲ. ಎರಡು ಸೊನ್ನೆ ಹಾಕಿದ್ದೆ. ಮೂರನೆಯ ದಿನ, ಅಂದರೆ ಶಾಲೆ ಮುಚ್ಚುವ ಆ ದಿನ, ಹತ್ತನೆಯ ಹೆಸರು ಕರೆದಾಗ ‘ಬಂದೆ ಟೀಚರ್’ ಎಂದು ಕೇಳಿಸಿತು. ಸ್ಪಷ್ಟವಾಗಿ, ಎರಡನೆಯ ಬೆಂಚಿನ ಕಿಟಕಿಯ ಕಡೆಯಿಂದ, ಅವಳು ಯಾವಾಗಲೂ ಕೂರುವ ಜಾಗದಿಂದ. ಅಬ್ಬ, ಹುಡುಗಿ ಗುಣವಾದಳು ಎಂದು ಖುಷಿಯಾಯಿತು. ಓರೆಗೆರೆ ಎಳೆದು ಹನ್ನೊಂದನೆಯ ಹೆಸರಿಗೆ ಹೋದೆ.

ಕೊನೆಯ ದಿನ ಪಾಠ ಏನೂ ಇರುವುದಿಲ್ಲ. ಮಕ್ಕಳಿಗೆ ಹೊಲಿಗೆ ಬಟ್ಟೆ ಹಂಚಿ, ನಾನು ಮೇಜಿನ ಮೇಲೆ ತಿಂಗಳ ತಖ್ತೆ ಬರೆಯುತ್ತ ಕೂತೆ. ಹನ್ನೊಂದರ ಹೊತ್ತಿಗೆ ಐತಪ್ಪ ಬಾಗಿಲಲ್ಲಿ ಬಂದು ನಿಂತ.

“ಟೀಚರೇ, ಟ್ರಂಕು ಬಂದರಿಗೆ ಮುಟ್ಟಿಸಿ ಆಯ್ತು. ಎಂತ ತುಂಬಿಸಿದ್ದೀರಿ ಮಾರಾಯ್ರೆ, ಮಂಗಳೂರಿನ ಹಂಚೆಲ್ಲ ಧಾರವಾಡಕ್ಕಾ?”

ನಾನು ನಕ್ಕೆ. ಅವನು ಹೊರಡುತ್ತಿದ್ದವನು ತಿರುಗಿ, “ಮತ್ತೆ, ಗುಲಾಬಿಗೆ ಇವತ್ತೂ ರಜೆ ಬರೀಬೇಕು. ಜ್ವರ ಬಿಡ್ಲಿಲ್ಲ. ಅವಳ ಮಾವ ಪಂಡಿತರನ್ನು ಕರೀಲಿಕ್ಕೆ ಹೋಗಿದ್ದಾನೆ” ಎಂದ.

“ಏನ್ ಹೇಳ್ತೀರಿ? ಆಕಿ ಒಳಗ ಕೂತಾಳಲ್ಲ!” ಎಂದು ನಾನು ತಿರುಗಿ ಕೈ ತೋರಿಸಿದೆ.

ಎರಡನೆಯ ಬೆಂಚಿನ ಕಿಟಕಿಯ ಬದಿ ಖಾಲಿ ಇತ್ತು. ಪಕ್ಕದ ಸುಮತಿ ಅಲ್ಲಿ ತನ್ನ ಹೊಲಿಗೆ ಡಬ್ಬಿ ಇಟ್ಟುಕೊಂಡಿದ್ದಳು. ನನ್ನ ತೋರುಬೆರಳು ಹಾಗೆಯೇ ನಿಂತಿತು. ಐತಪ್ಪ ಒಮ್ಮೆ ಬೆಂಚನ್ನು, ಒಮ್ಮೆ ನನ್ನನ್ನು ನೋಡಿದ. ಮಕ್ಕಳೆಲ್ಲ ಸೂಜಿ ನಿಲ್ಲಿಸಿದ್ದರು.

ಪುಸ್ತಕ ತೆಗೆದು ನೋಡಿದೆ. ಎರಡು ಸೊನ್ನೆ, ಅದರ ಪಕ್ಕ ನನ್ನದೇ ಕೈಯ ಓರೆಗೆರೆ. ಗುಲಾಬಿಯ ಪರವಾಗಿ ಯಾರು ಉತ್ತರ ಕೊಟ್ಟಿರಿ ಎಂದು ಗಟ್ಟಿಯಾಗಿ ಕೇಳಿದೆ. ಯಾರೂ ಒಪ್ಪಲಿಲ್ಲ. ಸುಮತಿ ಎದ್ದು ಹೇಳಿದಳು: “ಯಾರೂ ಎಂತದೂ ಹೇಳ್ಲಿಲ್ಲ ಟೀಚರ್. ನೀವು ಹೆಸರು ಕರೆದಿರಿ, ಸ್ವಲ್ಪ ನಿಂತಿರಿ, ಆಮೇಲೆ ನೀವೇ ನಗಾಡಿ ಗೆರೆ ಎಳೆದಿರಿ.” ಹಿಂದಿನ ಸಾಲಿನ ಮೂವರು ಮಾತ್ರ ‘ಬಂದೆ’ ಎಂಬ ದನಿ ತಮಗೆ ಕೇಳಿತು ಅಂದರು. ಆದರೆ ಅವರು ಬಾವಿಯಲ್ಲಿ ಆನೆ ಬಿದ್ದಿದೆಯಾ ಎಂದರೂ ಹೌದು ಅನ್ನುವ ಮಕ್ಕಳು.

ವಿಷಯ ದೊಡ್ಡ ಟೀಚರ ಕಿವಿಗೆ ಹೋಗಲು ಐದು ನಿಮಿಷ ಹಿಡಿಯಲಿಲ್ಲ. ಅವರು ನಮ್ಮ ಮುಖ್ಯೋಪಾಧ್ಯಾಯಿನಿ. ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತವರು. ಬಾರದ ಹುಡುಗಿಗೆ ಹಾಜರಿ ಹಾಕುವುದು ಆಗಿನ ಕಾಲದಲ್ಲಿ ಸಣ್ಣ ತಪ್ಪಲ್ಲ. ಸರ್ಕಾರದ ಗ್ರಾಂಟು ಹಾಜರಿಯ ಮೇಲೆ ನಿಂತಿತ್ತು. ಸುಳ್ಳು ಹಾಜರಿ ಸಿಕ್ಕಿದರೆ ಶಾಲೆಯ ಗ್ರಾಂಟು ನಿಲ್ಲುತ್ತಿತ್ತು, ಟೀಚರ ಸರ್ಟಿಫಿಕೇಟು ರದ್ದಾಗುತ್ತಿತ್ತು. ರಜೆ ಮುಗಿದ ಮರುದಿನವೇ ಇನ್‌ಸ್ಪೆಕ್ಟರು ಬರುವವರಿದ್ದರು.

“ಎಂತ ಟೀಚರ್ ಇದು?” ಎಂದರು. “ಊರಿಗೆ ಹೋಗುವ ಸಂಭ್ರಮದಲ್ಲಿ ಕಿವಿಯೂ ಧಾರವಾಡಕ್ಕೆ ಹೋಯ್ತಾ?”

ನಾನು ಕೇಳಿದ್ದನ್ನು ಕೇಳಿದಂತೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಅದನ್ನೆಲ್ಲ ಬರೀಲಿಕ್ಕೆ ಆಗ್ತದಾ? ಹೊಡೆದು ಸೊನ್ನೆ ಹಾಕಿ ನಾವಿಬ್ಬರೂ ರುಜು ಹಾಕುವ. ಆದರೆ ಹುಡುಗಿ ಇವತ್ತು ಮನೆಯಲ್ಲಿದ್ದಳು ಅಂತ ಪೋಷಕರ ಕಾಗದ ಬೇಕು. ಮೂರರೊಳಗೆ ತನ್ನಿ. ಮೂರಕ್ಕೆ ನಾನು ಬೀಗ ಹಾಕಿ ಹೋಗುವವಳು. ಕಾಗದ ಇಲ್ಲದೆ ನೀವು ಊರು ಬಿಡುದು ಬೇಡ.”

ಅದೇನು ಮಹಾ ಎಂದು ನಾನು ಹೊರಗೆ ನಿಂತಿದ್ದ ಐತಪ್ಪನನ್ನು ಕೈಹಿಡಿದು ಎಳೆದಂತೆ ಒಳಗೆ ಕರೆತಂದೆ. “ಇಲ್ಲೇ ಅದಾರಲ್ರಿ, ಹುಡುಗಿ ತಂದೆ. ಸಹಿ ಮಾಡ್ತಾರ.”

ದೊಡ್ಡ ಟೀಚರೂ ಐತಪ್ಪನೂ ಮುಖ ಮುಖ ನೋಡಿಕೊಂಡರು. ಇಬ್ಬರಿಗೂ ನಗು ಬಂತು.

“ಎರಡು ವರ್ಷ ಆಯ್ತು ನೀವು ಬಂದು, ಇದು ಗೊತ್ತಿಲ್ವಾ?” ಎಂದರು ಅವರು. “ಇವರದ್ದು ಅಳಿಯಸಂತಾನದ ಮನೆ. ಪೋಷಕ ಅಂದರೆ ತಾಯಿಯ ಅಣ್ಣ. ದಾಖಲೆ ಪುಸ್ತಕದಲ್ಲಿಯೂ ಅವನ ಹೆಸರೇ ಇರುದು.”

“ಹೌದು ಟೀಚರೇ,” ಎಂದ ಐತಪ್ಪ, “ಮಗಳು ನನ್ನವಳೇ. ಆದರೆ ಮನೆ ಅವರದ್ದು, ಸೈಯೂ ಅವರದ್ದು. ನಾನು ಬರೀ ಮೀನು ತಂದು ಹಾಕುವವ.”

ಐತಪ್ಪ ಬಂದರಿಗೆ ಹೋದ. ನಾನು ಗುಲಾಬಿಯ ಮನೆಯಿದ್ದ ಬೋಳಾರದ ದಾರಿ ಹಿಡಿದೆ. ಅಕ್ಟೋಬರಿನ ಬಿಸಿಲು, ಕೆಂಪು ಮಣ್ಣಿನ ಇಳಿಜಾರು. ಅರ್ಧ ದಾರಿಗೆ ಸೀರೆಯ ಅಂಚೆಲ್ಲ ಕೆಂಪಾಯಿತು. ಮನಸ್ಸಿನಲ್ಲಿ ಒಂದೇ ಲೆಕ್ಕ: ಮಾವನ ಸಹಿ, ಮೂರಕ್ಕೆ ಶಾಲೆ, ನಾಲ್ಕಕ್ಕೆ ಬಂದರು.

ಮನೆ ನದಿಯ ಹತ್ತಿರ, ಹುಲ್ಲಿನ ಮಾಡು, ಸಗಣಿ ಸಾರಿಸಿದ ಅಂಗಳ. ಹುಡುಗಿಯ ತಾಯಿ ಮುತ್ತಕ್ಕ ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಏಕೆ ಬಂದೆನೆಂದು ಹೇಳುವ ಮೊದಲೇ ಅವಳು ಕೇಳಿದಳು: “ಅವಳು ಕರೆದದ್ದು ನಿಮಗೆ ಕೇಳಿತಾ ಟೀಚರೇ?”

ಏನೆಂದು ಕರೆದಳು ಎಂದು ಕೇಳಿದೆ. ಅವಳು ಹೇಳಿದ್ದಿಷ್ಟು. ರಾತ್ರಿಯಿಡೀ ಹುಡುಗಿ ಮಾತಾಡಿರಲಿಲ್ಲ. ಬೆಳಿಗ್ಗೆ ಗಂಡ, ಅಣ್ಣ ಇಬ್ಬರೂ ಹೋದ ಮೇಲೆ ಒಮ್ಮೆಗೇ ಎದ್ದು ಕೂತು, ಒಳ್ಳೆ ಗಟ್ಟಿ ದನಿಯಲ್ಲಿ ‘ಬಂದೆ ಟೀಚರ್’ ಎಂದಳಂತೆ. ಜ್ವರ ಬಿಟ್ಟಿತು ಎಂದು ತಾಯಿ ನೀರು ತರಲು ಓಡಿದಳು. ತರುವಷ್ಟರಲ್ಲಿ ಹುಡುಗಿ ಮತ್ತೆ ಮಲಗಿದ್ದಳು. ಆಮೇಲೆ ಕಣ್ಣು ಬಿಟ್ಟಿಲ್ಲ, ನೀರು ನುಂಗಿಲ್ಲ.

ಎಷ್ಟು ಗಂಟೆಗೆ ಎಂದು ಕೇಳಿದೆ. ಆ ಮನೆಯಲ್ಲಿ ಗಡಿಯಾರವಿರಲಿಲ್ಲ. “ಬಿಸಿಲು ಅರೆಯುವ ಕಲ್ಲಿಗೆ ಬಂದಿತ್ತು” ಎಂದಳು.

ಗುಲಾಬಿ ಒಳಗೆ ಚಾಪೆಯ ಮೇಲಿದ್ದಳು. ಮೂರು ದಿನಕ್ಕೆ ಮಗು ಅಷ್ಟು ಸಣ್ಣದಾಗಬಹುದೆಂದು ನಾನು ತಿಳಿದಿರಲಿಲ್ಲ. ತುಟಿ ಒಣಗಿ ಬಿರಿದಿತ್ತು. ಹಣೆ ಮುಟ್ಟಿದೆ, ಹಂಚಿನ ಹಾಗೆ ಕಾದಿತ್ತು. ಹೆಸರು ಹಿಡಿದು ಕರೆದೆ. ಕೆನ್ನೆ ತಟ್ಟಿ ಕರೆದೆ. ರೆಪ್ಪೆಯೂ ಅಲುಗಲಿಲ್ಲ. ಮುತ್ತಕ್ಕ ಗಂಜಿಯ ತಿಳಿ ತಂದು ಚಮಚದಲ್ಲಿ ಹಾಕಿದರೆ ಬಾಯಿಯ ಬದಿಯಿಂದ ಹರಿದು ಹೋಯಿತು.

“ಶಾಲೆಯಲ್ಲಿ ಹೇಗೆ ಕರೀತೀರಿ, ಹಾಗೆ ಕರೀರಿ ಟೀಚರೇ” ಎಂದಳು ಮುತ್ತಕ್ಕ.

ನಾನು ಸೋದರಮಾವ ಬರುವವರೆಗೆ ಹೇಗೂ ಕಾಯಬೇಕಿತ್ತು. ತಾಯಿಯ ಸಮಾಧಾನಕ್ಕೆಂದು, ಪುಸ್ತಕ ಇಲ್ಲದೆಯೇ, ಮೊದಲಿನಿಂದ ಹೆಸರುಗಳನ್ನು ಹೇಳತೊಡಗಿದೆ. ಅಂಬಾ, ಅಹಲ್ಯಾ, ಇಂದಿರಾ… ಬಾಯಿಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿದೆ. ಹತ್ತನೆಯದೂ ಹಾಗೆಯೇ ದಾಟಿಹೋಯಿತು. ಏನೂ ಆಗಲಿಲ್ಲ. ಮತ್ತೆ ಆರಂಭಿಸಿದೆ. ಈ ಸಲ ಏನನ್ನಿಸಿತೋ, ತರಗತಿಯಲ್ಲಿ ಮಾಡುವ ಹಾಗೆ ತಲೆ ತಗ್ಗಿಸಿ, ಒಂದೊಂದು ಹೆಸರಿಗೂ ನಿಂತು, ಉತ್ತರ ಬರಲು ಬೇಕಾದಷ್ಟು ಜಾಗ ಬಿಟ್ಟು ಕರೆದೆ. ಕಾವೇರಿ. ಗಂಗಾ. ಗಿರಿಜಾ. ಗುಲಾಬಿ.

“ಬಂದೆ” ಎಂಬ ಶಬ್ದ ಬಂತು. ದನಿಯಲ್ಲ, ಉಸಿರು. ತುಟಿ ತೆರೆದಿತ್ತು. ಮುತ್ತಕ್ಕ ಆ ಕ್ಷಣಕ್ಕೇ ಚಮಚ ಇಟ್ಟಳು. ಹುಡುಗಿ ನುಂಗಿದಳು.

ಸಂತೋಷದಲ್ಲಿ ನಾನು ಆ ಹೆಸರೊಂದನ್ನೇ ಮತ್ತೆ ಮತ್ತೆ ಕರೆದೆ. ಇಲ್ಲ. ಗಿರಿಜಾಳಿಂದ ಆರಂಭಿಸಿ ಕರೆದೆ. ಇಲ್ಲ. ಹನ್ನೊಂದರಿಂದ ಮೂವತ್ತೆಂಟರವರೆಗೆ ಮುಗಿಸಿ, ಪುನಃ ಒಂದರಿಂದ ಬಂದಾಗ ಮಾತ್ರ, ಹತ್ತನೆಯ ಹೆಸರಿಗೆ ತುಟಿ ತೆರೆಯಿತು. ಹಾಗೆ ಇಡೀ ತರಗತಿಯ ಹಾಜರಿಗೆ ಒಂದು ಚಮಚ ಗಂಜಿ ತಿಳಿ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಒಂದೊಂದು ಹೆಸರಿನ ನಂತರ ನಾನು ಬಿಡುತ್ತಿದ್ದ ಆ ಜಾಗ ಎಲ್ಲ ಹೆಸರಿಗೂ ಒಂದೇ ಅಳತೆಯದ್ದಾಗಿರಲಿಲ್ಲ. ಕೆಲವು ಹೆಸರಿಗೆ ಕೂಡಲೇ ಮುಂದೆ ಹೋಗಬಹುದಿತ್ತು, ಕೆಲವಕ್ಕೆ ಕಾಯಬೇಕಾಗುತ್ತಿತ್ತು. ಯಾರೋ ಉತ್ತರ ಕೊಟ್ಟು ಮುಗಿಸುವವರೆಗೆ ನನ್ನ ನಾಲಿಗೆ ಮುಂದಿನ ಹೆಸರಿಗೆ ಏಳುತ್ತಿರಲಿಲ್ಲ. ನನಗೆ ಏನೂ ಕೇಳಿಸಲಿಲ್ಲ, ಹಾಗೆಂದು ಪ್ರಮಾಣ ಮಾಡಬಲ್ಲೆ. ಆದರೂ ಆ ಸಣ್ಣ ಕೋಣೆ ಬೆಂಚು ಹಾಕಿದ ಹಾಗೆ ತುಂಬಿತ್ತು. ನಾನು ತಲೆ ಎತ್ತಲಿಲ್ಲ. ಎತ್ತಲು ಧೈರ್ಯವಾಗಲಿಲ್ಲ ಎಂದರೂ ಸರಿಯೇ.

ಎರಡೂವರೆಯ ಹೊತ್ತಿಗೆ ಮಾವ ಸಂಕಪ್ಪ ಪಂಡಿತರನ್ನು ಕರೆದುಕೊಂಡು ಬಂದ. ಪಂಡಿತರು ನಾಡಿ ನೋಡಿದರು, ಕಣ್ಣು ಬಿಡಿಸಿ ನೋಡಿದರು, ಜೇನಿನಲ್ಲಿ ಏನೋ ಅರೆದು ನಾಲಿಗೆಗೆ ಸವರಿದರು. ಬಾಯಿ ಒಣಗಿ ಮೈಯ ನೀರೆಲ್ಲ ಹೋಗಿದೆ ಎಂದರು. “ಹೊತ್ತು ಮುಳುಗುವವರೆಗೆ ಬಿಡದೆ ತಿಳಿ ಕುಡಿಸಬೇಕು. ಹೊಟ್ಟೆಗೆ ಹೋದರೆ ಬೆವರ್ತಾಳೆ, ಬೆವರಿದರೆ ಉಳೀತಾಳೆ. ಹೇಗೆ ಕುಡಿಸ್ತೀರಿ ಅಂತ ನಂಗೆ ಗೊತ್ತಿಲ್ಲ.”

ಸಂಕಪ್ಪ ಕಾಗದ ಬರೆದು ಸಹಿ ಮಾಡಿ ನನ್ನ ಕೈಗೆ ಕೊಟ್ಟ. ನಾನು ಬಂದ ಕೆಲಸ ಆಗಿತ್ತು. ಎದ್ದು ನಿಂತೆ. ಅಲ್ಲಿಂದ ಬಿರಬಿರನೆ ನಡೆದರೆ ಮೂರಕ್ಕೆ ಶಾಲೆ, ನಾಲ್ಕಕ್ಕೆ ಬಂದರು, ಮೂರು ದಿನಕ್ಕೆ ನೀಲಾ.

ಮುತ್ತಕ್ಕ ನನ್ನನ್ನು ತಡೆಯಲಿಲ್ಲ. ಅದನ್ನು ಹೇಳಬೇಕು. ಅವಳು ಚಮಚ ಹಿಡಿದುಕೊಂಡು ತಾನೇ ಹೆಸರುಗಳನ್ನು ಕರೆಯಲು ಶುರು ಮಾಡಿದಳು. ಇಷ್ಟು ಹೊತ್ತಿನಲ್ಲಿ ಕೇಳಿ ಕೇಳಿ ಅವಳಿಗೆ ಮೊದಲಿನ ಒಂಬತ್ತು ಹೆಸರು ಬಂದಿತ್ತು. ಅಂಬಾ, ಅಹಲ್ಯಾ, ಇಂದಿರಾ ಎಂದು ತುಳುವಿನ ರಾಗದಲ್ಲಿ, ಒಂದೊಂದಕ್ಕೂ ನಿಂತು. ಹತ್ತನೆಯದಕ್ಕೆ ಬಂದಳು. ಹುಡುಗಿಯ ತುಟಿ ಅಲುಗಲಿಲ್ಲ. ಅವಳು ಗೋಡೆ ನೋಡುತ್ತ ಮತ್ತೆ ಮೊದಲಿನಿಂದ ಆರಂಭಿಸಿದಳು. ಮುಂದಿನ ಇಪ್ಪತ್ತೆಂಟು ಹೆಸರು ಅವಳಿಗೆ ಬಾರದು.

ನಾನು ಬಾಗಿಲ ತನಕ ಹೋಗಿದ್ದೆ. ಕಾಗದವನ್ನು ಸಂಕಪ್ಪನ ಕೈಗೆ ವಾಪಸು ಕೊಟ್ಟು, “ನೀವ ಹೋಗಿ ದೊಡ್ಡ ಟೀಚರ್ ಕೈಯಾಗ ಕೊಟ್ಟು ಬರ್ರಿ” ಎಂದೆ. ಒಳಗೆ ಬಂದು ಕೂತೆ. ಇದನ್ನು ತ್ಯಾಗ ಎಂದು ಯಾರೂ ತಿಳಿಯಬಾರದು. ಮನಸ್ಸಿನಲ್ಲಿ ಆ ಮನೆಯವರಿಗೆಲ್ಲ ಬೈದುಕೊಳ್ಳುತ್ತಲೇ ಕೂತೆ. ಇನ್ನೊಂದು ಹಾಜರಿ ಮುಗಿಸಿ ಓಡುತ್ತೇನೆ, ಇನ್ನೊಂದು ಮುಗಿಸಿ ಓಡುತ್ತೇನೆ ಎಂದುಕೊಂಡೇ ಕೂತೆ. ಅಷ್ಟರಲ್ಲಿ ಬಿಸಿಲು ಹೊಸ್ತಿಲಿನಿಂದ ಇಳಿಯಿತು. ಗಂಟಲು ಒಡೆಯಿತು. ಎಷ್ಟು ಸಲ ಕರೆದೆನೆಂದು ಲೆಕ್ಕವಿಡಲಿಲ್ಲ. ಮಡಕೆಯ ತಿಳಿ ಮುಗಿದು ಮುತ್ತಕ್ಕ ಇನ್ನೊಮ್ಮೆ ಅಕ್ಕಿ ಇಟ್ಟದ್ದು ಗೊತ್ತು. ದೂರದಲ್ಲಿ, ಕಡಲಿನ ಕಡೆಯಿಂದ, ಸ್ಟೀಮರಿನ ಕೂಗು ಕೇಳಿದಾಗ ನಾನು ಇಪ್ಪತ್ತಾರನೆಯ ಹೆಸರಿನಲ್ಲಿದ್ದೆ. ಅಲ್ಲಿ ಒಮ್ಮೆ ತಪ್ಪಿದೆ. ಮತ್ತೆ ಹಿಡಿದೆ.

ದೀಪ ಹಚ್ಚುವ ಹೊತ್ತಿಗೆ ಐತಪ್ಪ ನನ್ನ ಟ್ರಂಕನ್ನು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ಬಂದ. ಅಳಿವೆಯಲ್ಲಿ ನೀರು ಇಳಿಯುವವರೆಗೂ ಕಾದು, ನಾನು ಬಾರದ್ದರಿಂದ ಉಳಿದವರನ್ನು ಸ್ಟೀಮರಿಗೆ ಮುಟ್ಟಿಸಿ ಬಂದಿದ್ದ. “ಎಂತ ಟೀಚರ್ ನೀವು, ಹೆದರಿ ಓಡಿಹೋದ್ರಿ ಅಂತ ಗ್ರಹಿಸಿದೆ…” ಎಂದು ಗದರಲು ತೊಡಗಿದವನು ಒಳಗೆ ನೋಡಿ ಮಾತು ನಿಲ್ಲಿಸಿದ. ಗುಲಾಬಿಯ ಹಣೆ, ಕುತ್ತಿಗೆ ಎಲ್ಲ ಬೆವರಿ ಚಾಪೆ ಒದ್ದೆಯಾಗಿತ್ತು. ಕಣ್ಣು ಅರ್ಧ ಬಿಟ್ಟಿದ್ದಳು.

ಆ ರಜೆಯಲ್ಲಿ ನಾನು ಊರಿಗೆ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹೋದಾಗ ನೀಲಾ ವೈನಿಯ ಸೆರಗು ಹಿಡಿದು ನಿಂತು, ನೆಂಟರಿಗೆ ಹೇಳುವ ಹಾಗೆ ನನಗೆ ‘ಬರ್ರಿ’ ಎಂದಳು. ತಾಯಿಗೆ ಯಾವ ಮಗುವೂ ಹಾಗೆ ಹೇಳುವುದಿಲ್ಲ. ‘ಬಾ’ ಎನ್ನಿಸಿಕೊಳ್ಳಲು ನನಗೆ ಮತ್ತೆರಡು ವರ್ಷ ಬೇಕಾಯಿತು. ಆ ಸ್ಟೀಮರು ಹತ್ತಿದ್ದರೆ ಏನಾಗುತ್ತಿತ್ತೋ ನಾನು ಬಲ್ಲೆನೆಂದು ಹೇಳಲಾರೆ.

ಕಿವಿಯ ಅಭ್ಯಾಸ ಎಂದು ದೊಡ್ಡ ಟೀಚರು ಆಮೇಲೂ ಹೇಳುತ್ತಿದ್ದರು. ದಿನವೂ ಕೇಳಿದ ದನಿಯನ್ನು ಕಿವಿ ತಾನೇ ತುಂಬಿಕೊಂಡಿತು ಎಂದು. ಇರಬಹುದು. ಆದರೆ ಹಿಂದಿನ ಎರಡು ದಿನ ಅದೇ ಕಿವಿ ಯಾಕೆ ಸುಮ್ಮನಿತ್ತು? ಶಾಲೆ ತೆರೆದ ಮೇಲೆ ಒಂದು ಶನಿವಾರ ನಾನು ಬೋಳಾರಕ್ಕೆ ಹೋಗಿ, ಎರವಲು ತಂದ ಗಡಿಯಾರ ಹಿಡಿದು, ಬಿಸಿಲು ಅರೆಯುವ ಕಲ್ಲಿಗೆ ಯಾವಾಗ ಬರುತ್ತದೆಂದು ನೋಡಿದೆ. ಹಾಜರಿಯ ಹೊತ್ತಿಗೆ ಬಿಸಿಲು ಕಲ್ಲಿನಿಂದ ಒಂದು ಗೇಣು ಈಚೆಗಿತ್ತು. ಅಷ್ಟರಲ್ಲಿ ಸೂರ್ಯನೇ ಸ್ವಲ್ಪ ದಕ್ಷಿಣಕ್ಕೆ ಸರಿದಿದ್ದ ಎಂದು ಸಂಕಪ್ಪ ಹೇಳಿದ. ಹೊಂದಿತು ಎಂದೂ ಹೇಳುವ ಹಾಗಿಲ್ಲ, ಹೊಂದಲಿಲ್ಲ ಎಂದೂ ಇಲ್ಲ. ಗುಲಾಬಿಯನ್ನೇ ಕೇಳಿದೆ. “ನಂಗೆ ಎಂತದೂ ನೆನಪಿಲ್ಲ ಟೀಚರ್” ಎಂದಳು. ಆಮೇಲೆ, “ಆ ದಿನದ ಹಾಜರಿ ನಂಗೆ ಉಂಟಾ?” ಎಂದು ಕೇಳಿದಳು. ಹೊಡೆದು ಸೊನ್ನೆ ಹಾಕಿದೆವು ಎಂದಾಗ ಅವಳಿಗೆ ಬೇಸರವಾಯಿತು.

ಸ್ಟೀಮರು ತಪ್ಪಿದ ಆ ರಾತ್ರಿ ನಾನು ಅವರ ಮನೆಯಲ್ಲೇ ಉಳಿದಿದ್ದೆ. ಉಂಡದ್ದು ಕುಚ್ಚಲಕ್ಕಿಯ ಗಂಜಿ, ಬೇಯಿಸಿದ ಹೆಸರುಕಾಳಿಗೆ ತೆಂಗಿನತುರಿ, ಸುಟ್ಟ ಮೆಣಸು, ಉಪ್ಪು. ನನಗಾಗಿ ಮೀನಿನ ಮಡಕೆಯನ್ನು ಹೊರಗೆ ಜಗಲಿಯಲ್ಲಿಟ್ಟು ಐತಪ್ಪನೂ ಸಂಕಪ್ಪನೂ ಅಲ್ಲಿಯೇ ಉಂಡರು. ನನ್ನ ಗಂಟಿನ ಎರಡು ಜೋಳದ ರೊಟ್ಟಿಯನ್ನು ಅವರು ಹರಿದು ಹಂಚಿಕೊಂಡು, ಇದನ್ನು ಜಗಿಯಲಿಕ್ಕೆ ಎತ್ತು ಬೇಕು ಎಂದು ಪಿಸುಮಾತಿನಲ್ಲಿ ನಕ್ಕರು. ಗುಲಾಬಿ ಆರು ಚಮಚ ತಿಳಿ ಕುಡಿದಳು, ಯಾರೂ ಕರೆಯದೆ. ಮೊದಲು ನಿದ್ದೆ ಹೋದವಳು ಮುತ್ತಕ್ಕ. ಗೋಡೆಗೆ ಒರಗಿ, ಅರ್ಧ ಉಂಡ ಬಟ್ಟಲು ಮಡಿಲಲ್ಲಿಟ್ಟುಕೊಂಡು, ಕೈ ಕೂಡ ತೊಳೆಯದೆ. ಬಟ್ಟಲನ್ನು ಮೆಲ್ಲಗೆ ತೆಗೆದು, ಒದ್ದೆ ಬಟ್ಟೆಯಿಂದ ಅವಳ ಬೆರಳುಗಳನ್ನು ನಾನೇ ಒರೆಸಿದೆ.